ವೇಗ ಬೇಕೋ, ಸೌಲಭ್ಯ ಬೇಕೋ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೇಸಿಗೆ ರಜೆಯಲ್ಲಿ ನಾವು ಕೆಲವರು ಸೇರಿ ಶಾಲೆಯ ಕಂಪ್ಯೂಟರ್ ಕೊಠಡಿ ಸರಿಮಾಡಿದ ಬಗ್ಗೆ ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ನಾನು ಆ ಕೆಲಸದಲ್ಲಿ ಮಾಡಿದ ತಪ್ಪಿನ ಬಗ್ಗೆ ಹೇಳುತ್ತೇನೆ.

ಅಲ್ಲಿದ್ದ ಹತ್ತು ಕಂಪ್ಯೂಟರುಗಳು ಗುಜರಿಗೆ ಹೋಗುವುದರಲ್ಲಿದ್ದವು. ಒಂದೊಂದರಲ್ಲೂ 2 ಜಿಬಿ ರ‍್ಯಾಮ್. ಪರದೆ ಸಿದ್ಧವಾಗುವಷ್ಟರಲ್ಲಿ ಪೀರಿಯಡ್ಡಿನ ಕಾಲುಭಾಗ ಮುಗಿದಿರುತ್ತಿತ್ತು. ಅವುಗಳಿಗೆ ಲಿನಕ್ಸ್ ಹಾಕಲು ನಿರ್ಧರಿಸಿದೆವು.

ಪರದೆಯ ಮೇಲಿನ ಕಿಟಕಿ, ಮೆನು, ಚಿತ್ರಗಳ ವ್ಯವಸ್ಥೆಗೆ ಡೆಸ್ಕ್‌ಟಾಪ್ ಪರಿಸರ ಎನ್ನುತ್ತಾರೆ. ಲಿನಕ್ಸಿನಲ್ಲಿ ಅದನ್ನು ನಾವೇ ಆರಿಸಿಕೊಳ್ಳಬಹುದು. 1996ರಲ್ಲಿ ಜರ್ಮನಿಯಲ್ಲಿ ಕೆಡಿಇ ಹುಟ್ಟಿತು. 1997ರಲ್ಲಿ ಮೆಕ್ಸಿಕೊದ ಇಬ್ಬರು ತರುಣರು ಗ್ನೋಮ್ ಆರಂಭಿಸಿದರು. ಇವೆರಡೂ ಸೌಲಭ್ಯಗಳಿಂದ ತುಂಬಿದಂಥವು. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಡಿಇ ಹಗುರವಾದವು. 2011ರಲ್ಲಿ ಗ್ನೋಮ್ 3 ಪೂರ್ತಿ ಹೊಸ ರೂಪದಲ್ಲಿ ಬಂದಾಗ, ಹಳೆಯದೇ ಚೆನ್ನಾಗಿತ್ತು ಎಂದವರು ಗ್ನೋಮ್ 2ರ ಕೋಡನ್ನೇ ಮುಂದುವರಿಸಿ ಮಾಟೆ ಎಂಬುದನ್ನು ಕಟ್ಟಿಕೊಂಡರು. ಕೋಡ್ ಎಲ್ಲರಿಗೂ ತೆರೆದಿದ್ದರಿಂದ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ನಾನು ಎಕ್ಸ್‌ಎಫ್‌ಸಿಇ ಹಾಕಿದೆ. ಪರಿಸರ ಹಗುರವಾದಷ್ಟೂ ಬ್ರೌಸರಿಗೆ ಹೆಚ್ಚು ರ‍್ಯಾಮ್ ಉಳಿಯುತ್ತದೆ. ಅದೂ ಸಾಲದೆ, ನನಗೆ ಬೇಡವೆನಿಸಿದ್ದನ್ನೆಲ್ಲ ಕಿತ್ತುಹಾಕಿದೆ. ಯಂತ್ರಗಳು ಬೇಗ ಬೇಗ ತೆರೆದುಕೊಂಡವು. ನಾನೂ ಬೀಗಿದೆ.

ಶಾಲೆ ಶುರುವಾದ ವಾರ ನೋಡಲು ಬಂದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೀಬೋರ್ಡಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದಳು. ಅವಳಿಗೆ ಕಣ್ಣು ಕಾಣುವುದಿಲ್ಲ. "ಸರ್, ಹಳೇದು ನಿಧಾನವಾದ್ರೂ ನನಗೆ ಓದಿ ಹೇಳ್ತಿತ್ತು. ಇದು ಮಾತೇ ಆಡಲ್ಲ" ಎಂದಳು.

ನಾನು ಕಿತ್ತುಹಾಕಿದ್ದರಲ್ಲಿ ಪರದೆಯನ್ನು ಓದಿ ಹೇಳುವ ಓರ್ಕಾ ತಂತ್ರಾಂಶವೂ ಇತ್ತು. ವಿಚಿತ್ರವೆಂದರೆ, ಚಾಲೂ ಮಾಡದಿದ್ದಾಗ ಅದು ರ‍್ಯಾಮ್ ಬಳಸುವುದೇ ಇಲ್ಲ. ಡಿಸ್ಕಿನಲ್ಲಿ ಸ್ವಲ್ಪ ಜಾಗ ಹಿಡಿಯುತ್ತದೆ, ಅಷ್ಟೇ. ಅದನ್ನು ತೆಗೆದು ನಾನು ಗಳಿಸಿದ ವೇಗ ಸೊನ್ನೆ. ಅವಳು ಕಳೆದುಕೊಂಡದ್ದು ಇಡೀ ಕಂಪ್ಯೂಟರ್.

ಅಂದೇ ಹತ್ತೂ ಯಂತ್ರಗಳಿಗೆ ಓರ್ಕಾ ಹಾಕಿದೆವು. ಕನ್ನಡ ಓದಬಲ್ಲ ಇಸ್ಪೀಕ್ ಧ್ವನಿಯನ್ನೂ ಜೋಡಿಸಿದೆವು. ಅವಳು ಕೂರುವ ಯಂತ್ರಕ್ಕೆ ಮಾತ್ರ ರ‍್ಯಾಮನ್ನು 4 ಜಿಬಿಗೆ ಏರಿಸಿ, ಮಾಟೆ ಹಾಕಿದೆವು. ಅದು ತೆರೆದುಕೊಳ್ಳುವುದು ತುಸು ನಿಧಾನ. ಅವಳಿಂದ ದೂರಿಲ್ಲ.

ವೇಗ ಬೇಡವೆಂದು ನಾನು ಹೇಳುತ್ತಿಲ್ಲ. ನಲವತ್ತು ಮಕ್ಕಳಿಗೆ ಹತ್ತು ಯಂತ್ರಗಳಿರುವಲ್ಲಿ ಪ್ರತಿ ನಿಮಿಷವೂ ಒಂದು ಮಗುವಿನ ಸರದಿ. ಆದರೆ ಯಾವುದು ಹೊರೆ, ಯಾವುದು ಸೌಲಭ್ಯ ಎಂಬುದನ್ನು ಮುಂದೆ ಕೂರುವವರನ್ನು ಕೇಳದೆ ತೀರ್ಮಾನಿಸಬಾರದು. ನಾನು ಕೇಳಿರಲಿಲ್ಲ.

ಕೊನೆಯದಾಗಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ತರಗತಿಯ ಗಲಾಟೆಯಲ್ಲಿ ಅವಳಿಗೆ ಯಂತ್ರದ ದನಿ ಸರಿಯಾಗಿ ಕೇಳಿಸುತ್ತಿಲ್ಲ. ಒಳ್ಳೆಯದೊಂದು ಹೆಡ್‌ಫೋನ್ ಬೇಕಾಗಿದೆ.