ಕುಡಿತ ಬಿಟ್ಟವರ ಕೂಟಕ್ಕೆ ಹೋಗಲು ನಾಚಿಕೆ ಏಕೆ?

(ತಾಲ್ಲೂಕು ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ. ಭಾಷಣಕಾರರ ಕೋರಿಕೆಯಂತೆ ಹೆಸರು ಹಾಕಿಲ್ಲ.)



ಬೆಳಿಗ್ಗೆಯಿಂದ ಬೆಲೆ, ಸಾಲ, ಜಪ್ತಿ ಅಂತ ಮಾತಾಡಿದ್ದೀರಿ. ನಾನು ಹೇಳುವ ಸಾಲ ಸೊಸೈಟಿ ಪುಸ್ತಕದಲ್ಲಿಲ್ಲ. ಕಬ್ಬಿನ ಬಟವಾಡೆ ಆದ ದಿನ ನಾನು ಊರು ಮುಟ್ಟುವ ಮೊದಲೇ ಅರ್ಧ ದುಡ್ಡು ಕರಗಿರುತ್ತಿತ್ತು. ಗೊಬ್ಬರಕ್ಕೆ ಅಂತ ಹೇಳಿ ಹೆಂಡತಿಯ ಸರ ಗಿರವಿ ಇಟ್ಟೆ. ಗೊಬ್ಬರ ಮನೆಗೆ ಬರಲಿಲ್ಲ, ಸರವೂ ಬರಲಿಲ್ಲ.

‘ಬೆಳೆಗೆ ಬೆಲೆ ಸಿಕ್ಕರೆ ರೈತ ಯಾಕ್ರೀ ಕುಡೀತಾನೆ?’ ಅಂತ ಇಂಥದೇ ವೇದಿಕೆ ಮೇಲೆ ನಿಂತು ನಾನೇ ಗುಡುಗಿದ್ದೇನೆ. ನಿಜ ಹೇಳಲೇ? ಬೆಲೆ ಬಿದ್ದ ವರ್ಷ ದುಃಖಕ್ಕೆ ಕುಡಿದೆ, ಸಿಕ್ಕ ವರ್ಷ ಸಂತೋಷಕ್ಕೆ ಕುಡಿದೆ. 2007ರ ಜುಲೈ 1ರಿಂದ ಸಾರಾಯಿ ನಿಂತಾಗ ಪ್ಯಾಕೆಟ್ ಬಿಟ್ಟು ಬಾಟಲಿ ಹಿಡಿದೆ, ಖರ್ಚು ಹೆಚ್ಚಾಯಿತು. ಮಾಲೆ ಹಾಕಿದಷ್ಟು ದಿನ ಮುಟ್ಟುತ್ತಿರಲಿಲ್ಲ. ಮಾಲೆ ತೆಗೆದ ಸಂಜೆಯೇ ಅಂಗಡಿ ಮುಂದೆ. ಒಬ್ಬನೇ ಬಿಡುತ್ತೇನೆ ಅನ್ನುವುದು ಒಂಟಿ ಎತ್ತು ಕಟ್ಟಿ ಉಳುವ ಹಾಗೆ.

1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಬಿಲ್ ವಿಲ್ಸನ್ ಎಂಬಾತನಿಗೂ ಇದೇ ಸಂಕಟ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಬಂದ ವ್ಯವಹಾರ ಕೆಟ್ಟಿತ್ತು. ಹೋಟೆಲಿನಲ್ಲಿ ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಆತ ಫೋನಿನ ಕಡೆ ಹೋದ. ತನ್ನಂಥ ಇನ್ನೊಬ್ಬ ಕುಡುಕನ ಹತ್ತಿರ ಮಾತಾಡಬೇಕು ಅಂತ ವಿಚಾರಿಸಿ ವಿಚಾರಿಸಿ ಕೊನೆಗೆ ಬಾಬ್ ಸ್ಮಿತ್ ಎಂಬ ಡಾಕ್ಟರನ್ನು ಕಂಡ. ಹದಿನೈದು ನಿಮಿಷ ಸಾಕು ಅಂದಿದ್ದ ಡಾಕ್ಟರು ಗಂಟೆಗಟ್ಟಲೆ ಕೂತ. ಬುದ್ಧಿ ಹೇಳಲು ಬಂದವನಲ್ಲ ಇವನು, ತನ್ನ ಪಾಡು ಹೇಳಲು ಬಂದವನು, ಅದಕ್ಕೇ ಕೂತ. ಹಾಗೆ ಹುಟ್ಟಿದ್ದು ಆಲ್ಕೋಹಾಲಿಕ್ಸ್ ಅನಾನಿಮಸ್. ಎ.ಎ. ಅಂತಾರೆ, ಹೆಸರು ಹೇಳದ ಕುಡುಕರ ಕೂಟ ಅಂದುಕೊಳ್ಳಿ. ಅದರ ಸಭೆಗಳು ನಮ್ಮ ರಾಜ್ಯದಲ್ಲೂ ನಡೆಯುತ್ತವೆ, ಕನ್ನಡದಲ್ಲೇ ನಡೆಯುವವೂ ಇವೆ.

ನಾನು ಮೊದಲ ಸಲ ಹೋದದ್ದು ಪೇಟೆಯ ಒಂದು ಶಾಲೆಯ ಕೋಣೆಗೆ. ಹತ್ತು ಹನ್ನೆರಡು ಕುರ್ಚಿ, ಚಹಾ. ರಿಜಿಸ್ಟರ್ ಇಲ್ಲ, ಫೀಸಿಲ್ಲ. ಕೊನೆಗೆ ಒಂದು ಡಬ್ಬಿ ಸುತ್ತಿಸುತ್ತಾರೆ, ಇದ್ದವರು ಹಾಕಬಹುದು. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಕುಡಿತ ಬಿಡುವ ಇಚ್ಛೆ ಇದ್ದರೆ ಸಾಕು, ಜಾತಿ ಪಕ್ಷ ಕೇಳುವುದಿಲ್ಲ. ದೇವರ ಮಾತು ಬರುತ್ತದೆ, ಆದರೆ ಅವರವರು ತಿಳಿದಂಥ ದೇವರು.

ಪಕ್ಕದ ಕುರ್ಚಿಯಲ್ಲಿ ಯಾರು ಅಂತೀರಿ? ನಮ್ಮ ಗದ್ದೆಗೆ ಕೂಲಿಗೆ ಬರುತ್ತಿದ್ದ ಆಳು. ಒಂದು ದಿನ ಕುಡಿದು ಬಂದ ಅಂತ ಅವನಿಗೆ ಅರ್ಧ ಕೂಲಿ ಮುರಿದಿದ್ದೆ. ಆ ಹೊತ್ತಿಗೆ ನಾನೂ ಕುಡಿದಿದ್ದೆ, ಆದರೆ ನನ್ನ ಕೂಲಿ ಮುರಿಯುವವರು ಯಾರು? ಎದ್ದು ಹೋಗೋಣ ಅನ್ನಿಸಿತು. ಅವನು ಮೂರು ವರ್ಷದಿಂದ ಮುಟ್ಟಿರಲಿಲ್ಲ. ‘ಕೂತ್ಕೊಳ್ಳಿ ಗೌಡ್ರೇ, ಇವತ್ತೊಂದು ದಿನ ಕುಡೀದಿದ್ರೆ ಸಾಕು’ ಅಂದ. ನಾಳೆಯ ಲೆಕ್ಕ ಅಲ್ಲಿಲ್ಲ. ಆ ವಾರವೆಲ್ಲ ರಾತ್ರಿ ಫೋನು ಮಾಡಿದವನು ಅವನೇ. ಊರಲ್ಲಿ ಇದನ್ನು ಅವನು ಯಾರಿಗೂ ಹೇಳಲಿಲ್ಲ.

ನೋಡಿ, ಅಂಗಡಿಗೆ ಹೋಗುವಾಗ ನಾವು ಯಾರಿಗೂ ಹೆದರಲಿಲ್ಲ. ಚರಂಡಿಯಿಂದ ನಾಲ್ಕು ಜನ ಎತ್ತಿ ತಂದಾಗ ಊರೆಲ್ಲ ನೋಡಿದೆ. ಮಾನ ಹೋಗುತ್ತದೆ ಅಂತ ಭಯ ಬರುವುದು ಕೂಟಕ್ಕೆ ಹೋಗುವಾಗ ಮಾತ್ರ! ನಮ್ಮ ಪೇಟೆಯೇ ಬೇಡ ಅನ್ನಿಸಿದರೆ ಮುಂದಿನ ಪೇಟೆಗೆ ಹೋಗಿ. ‘ಮುಚ್ಚಿದ ಸಭೆ’ಗೆ ಕುಡಿತದ ತೊಂದರೆ ಇರುವವರಿಗೆ ಮಾತ್ರ ಪ್ರವೇಶ, ‘ತೆರೆದ ಸಭೆ’ಗೆ ಮನೆಯವರೂ ಬರಬಹುದು.

ಸಭೆ ಎಲ್ಲಿ ಅಂತ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ವಿಚಾರಿಸಿ. 14446 ಎಂಬುದು ವ್ಯಸನ ಬಿಡಿಸುವ ಸಹಾಯಕ್ಕೆ ಕೇಂದ್ರ ಸರ್ಕಾರದ ಉಚಿತ ಫೋನು, ಅಲ್ಲೂ ಕೇಳಬಹುದು. ಧರ್ಮಸ್ಥಳದ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರು ಮತ್ತೆ ಸೇರಲು ನವಜೀವನ ಸಮಿತಿಗಳಿವೆ. ಎ.ಎ. ದೂರವಾದರೆ ಅದೂ ದಾರಿಯೇ. ಶಿಬಿರ ಮಾತ್ರ ಮುಗಿಸಿ ಸಮಿತಿ ಬಿಟ್ಟವರು ಮತ್ತೆ ಜಾರಿದ್ದನ್ನು ನಾನು ಕಂಡಿದ್ದೇನೆ.

ಒಂದು ಎಚ್ಚರ. ವರ್ಷಗಟ್ಟಲೆ ದಿನವೂ ಕುಡಿದವನು ಏಕಾಏಕಿ ನಿಲ್ಲಿಸಿದರೆ ಕೈ ನಡುಕ, ಬೆವರು, ಫಿಟ್ಸ್ ಬರಬಹುದು; ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣಬಹುದು. ಜೀವಕ್ಕೂ ಅಪಾಯ. ಇದನ್ನು ದೆವ್ವ ಅಂತ ಮಂತ್ರವಾದಿಯ ಹತ್ತಿರ ಒಯ್ಯಬೇಡಿ, ಆಸ್ಪತ್ರೆಗೆ ಒಯ್ಯಿರಿ. ಅಲ್ಲಿಂದ ಬಂದ ಮೇಲೆ ಕೂಟ.

ನಾನು ಮಧ್ಯೆ ಒಮ್ಮೆ ಜಾರಿದೆ. ಬಸ್ ನಿಲ್ದಾಣದ ಎದುರಿಗೇ ಬಾರು. ಮುಂದಿನ ವಾರ ತಲೆ ತಗ್ಗಿಸಿಕೊಂಡು ಹೋದೆ. ಯಾರೂ ಬೈಯಲಿಲ್ಲ, ಕುರ್ಚಿ ಸರಿಸಿ ಕೊಟ್ಟರು. ನನ್ನ ಹೆಂಡತಿಯೂ ಅಲ್-ಅನಾನ್ ಎಂಬ ಮನೆಯವರ ಕೂಟಕ್ಕೆ ಹೋಗುತ್ತಾಳೆ. ಸರದ ಕಥೆ ಅವಳು ಅಲ್ಲಿ ಹೇಳಿರಬಹುದು, ನಾನು ಕೇಳಿಲ್ಲ.

ಪತ್ರಿಕೆಯಲ್ಲಿ ಹೆಸರು ಬೇಡ ಅಂದದ್ದು ಅವಮಾನಕ್ಕಲ್ಲ, ಅದು ಕೂಟದ ನಿಯಮ. ಇಲ್ಲಿ ನನ್ನ ಮುಖ ಕಂಡಿದ್ದೀರಿ, ಅಷ್ಟು ಸಾಕು. ಗುರುವಾರ ಸಂಜೆ ಐದೂವರೆ ಬಸ್ಸಿಗೆ ಹಿಟ್ಟಿನ ಗಿರಣಿ ಹತ್ತಿರ ನಿಂತಿರುತ್ತೇನೆ. ಬರುವವರು ಮಾತಾಡಿಸಲೇಬೇಕೆಂದಿಲ್ಲ, ಸುಮ್ಮನೆ ಬಸ್ಸು ಹತ್ತಿ.