ಮಾತು ಎಲ್ಲಿ ನಿಂತಿತು?

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



'ಎಲೆಕ್ಟ್ರಾನಿಕ್ ಸಿಟಿಯಲ್ಲಿ ಏನು ಕೆಲಸ ಮಾಡ್ತೀಯಪ್ಪ?' ಎಂದು ಊರಲ್ಲಿ ಬಹಳ ಜನ ಕೇಳಿದ್ದೀರಿ. 'ಕಂಪ್ಯೂಟರ್ ಕೆಲಸ' ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಇವತ್ತು ಬಿಡಿಸಿ ಹೇಳುತ್ತೇನೆ.

ಕಂಪ್ಯೂಟರಿಗೆ ಮೌಸು, ಪ್ರಿಂಟರು, ಪೆನ್‌ಡ್ರೈವ್ ಸಿಕ್ಕಿಸುವ ಕಿಂಡಿ ಇದೆಯಲ್ಲ, ಅದಕ್ಕೆ ಯುಎಸ್‌ಬಿ ಎನ್ನುತ್ತಾರೆ. ಅದರ ಮೊದಲ ಆವೃತ್ತಿ ಬಂದದ್ದು 1996ರಲ್ಲಿ. ಸಿಕ್ಕಿಸಿದ ಸಾಧನಕ್ಕೂ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯ ತಿರುಳಾದ ಕರ್ನಲ್‌ಗೂ ನಡುವೆ ಮಾತು ನಡೆಸಿಕೊಡುವ ಪ್ರೋಗ್ರಾಮೇ ಡ್ರೈವರ್. ನಾನು ಲಿನಕ್ಸ್ ಕರ್ನಲ್‌ನಲ್ಲಿ ಕೆಲಸ ಮಾಡುತ್ತೇನೆ. ಆ ಮಾತು ನಿಂತಾಗ ಎಲ್ಲಿ ನಿಂತಿತು ಎಂದು ಹುಡುಕುವುದು ನನ್ನ ಕೆಲಸ.

ಕಿಂಡಿಗೆ ಸಾಧನ ಸೇರುವುದು ಶಾಲೆಗೆ ಮಗು ಸೇರಿದ ಹಾಗೆ. ಸಾಧನ ಒಂದು ತಂತಿಯ ವೋಲ್ಟೇಜನ್ನು ಮೇಲೆತ್ತುತ್ತದೆ. ಅದು ಬಾಗಿಲಲ್ಲಿ ನಿಂತು 'ಒಳಗೆ ಬರಲಾ ಸಾರ್?' ಎಂದಂತೆ. ಕರ್ನಲ್ ಅದನ್ನು ರೀಸೆಟ್ ಮಾಡುತ್ತದೆ. ಆಗ ಅದರ ನಂಬರು ಸೊನ್ನೆ. ಆಮೇಲೆ 1ರಿಂದ 127ರೊಳಗೆ ಒಂದು ಹಾಜರಿ ನಂಬರು ಸಿಗುತ್ತದೆ. ಮುಂದೆ ಟಿ.ಸಿ. ತೋರಿಸಬೇಕು, ಇಲ್ಲಿ ಟಿ.ಸಿ. ಎಂದರೆ 18 ಬೈಟುಗಳ ವಿವರಪಟ್ಟಿ. ಅದರಲ್ಲಿ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಇರುತ್ತವೆ. ಅವನ್ನು ನೋಡಿ 'ಈ ಮಗು ನನ್ನ ತರಗತಿಯದು' ಎಂದು ಒಬ್ಬ ಮೇಷ್ಟ್ರು ಕರೆದುಕೊಳ್ಳಬೇಕು. ಆ ಮೇಷ್ಟ್ರೇ ಡ್ರೈವರ್. ಯಾರೂ ಕರೆದುಕೊಳ್ಳದಿದ್ದರೆ, ವಿದ್ಯುತ್ ಇದ್ದರೂ ಸಾಧನ ಅಂಗಳದಲ್ಲೇ ನಿಂತಿರುತ್ತದೆ.

ನಮ್ಮ ಬೇಗೂರಿನ ನಾಗೇಶ್ವರ ದೇವಸ್ಥಾನದ ಸುಮಾರು 9ನೇ ಶತಮಾನದ ಶಾಸನದಲ್ಲಿ ಬೆಂಗಳೂರಿನ ಹೆಸರಿದೆ. ಅಂದು ಯಾರೋ ಕೆತ್ತಿಟ್ಟದ್ದರಿಂದ ಆ ಹೆಸರು ಎಷ್ಟು ಹಳೆಯದೆಂದು ನಮಗೆ ತಿಳಿಯಿತು. ಕರ್ನಲ್ ಕೂಡ ನಡೆದದ್ದನ್ನು ಬರೆದಿಡುತ್ತದೆ. 'ಮೈನಸ್ 71' ಎಂದಿದ್ದರೆ ಮಾತು ಕಲಸಿಹೋಗಿದೆ. ಮೊದಲು ಕೇಬಲ್ ಬದಲಿಸಿ ನೋಡುತ್ತೇವೆ. 'ಮೈನಸ್ 110' ಎಂದಿದ್ದರೆ, ಕೇಳಿ ಕಾದರೂ ಉತ್ತರ ಬರಲಿಲ್ಲ ಎಂದರ್ಥ.

ಕೆಲವು ವರ್ಷಗಳ ಹಿಂದೆ ಒಂದು ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ನನ್ನ ಮೇಜಿಗೆ ಬಂತು. 'ಮುದುಕರ ಬೆರಳು ಸವೆದಿದೆ, ಯಂತ್ರ ಹಿಡಿಯುವುದಿಲ್ಲ' ಎಂಬುದು ದೂರು. ಸವೆದ ಬೆರಳು ತೊಡಕು ಕೊಡುವುದು ನಿಜ. ಆದರೆ ದಾಖಲೆ ಬೇರೆಯೇ ಹೇಳುತ್ತಿತ್ತು. ಸಾಲು ಉದ್ದ ಇದ್ದಾಗ ಎಲ್ಲರ ಬೆರಳೂ ಹಿಡಿದಿತ್ತು. ಸ್ವಲ್ಪ ಹೊತ್ತು ಯಾರೂ ಇಲ್ಲದೆ, ಆಮೇಲೆ ಬಂದವರಿಗೆ ಮಾತ್ರ ಮೈನಸ್ 110. ಸಾಲು ಕರಗಿದ ಮೇಲೆ, ಕೋಲೂರಿಕೊಂಡು ನಿಧಾನಕ್ಕೆ ಬರುವವರು ಯಾರು ಹೇಳಿ? ಅವರ ಬೆರಳಿನ ಚಿತ್ರ ಯಂತ್ರದಿಂದ ಆಚೆಗೇ ಬಂದಿರಲಿಲ್ಲ!

ಸುಮ್ಮನಿರುವ ಸಾಧನವನ್ನು ವಿದ್ಯುತ್ ಉಳಿಸಲು ಮಲಗಿಸುವ ಏರ್ಪಾಡು ಕರ್ನಲ್‌ನಲ್ಲಿದೆ. ಇಲ್ಲಿ ಅದು 2 ಸೆಕೆಂಡಿಗೇ ಮಲಗಿಸುತ್ತಿತ್ತು. ಈ ಸಾಧನಕ್ಕೆ ಮಲಗಲು ಬರುತ್ತಿತ್ತು, ಸರಿಯಾಗಿ ಏಳಲು ಬರುತ್ತಿರಲಿಲ್ಲ. ಮಲಗಿಸುವುದನ್ನು ನಿಲ್ಲಿಸಿ ನೋಡಿದೆವು; ತಪ್ಪು ಮತ್ತೆ ಕಾಣಲಿಲ್ಲ. ಕಾರಣ ಖಚಿತವಾದ ಮೇಲೆ, 'ಈ ಸಾಧನವನ್ನು ಎಬ್ಬಿಸುವಾಗ ರೀಸೆಟ್ ಮಾಡು' ಎಂದು ಕರ್ನಲ್‌ನ ಪಟ್ಟಿಯಲ್ಲಿ ಒಂದೇ ಒಂದು ಸಾಲು ಸೇರಿಸಿದೆವು.

ಆ ಒಂದು ಸಾಲಿಲ್ಲದೆ ಎಷ್ಟು ಜನ ಬರಿಗೈಯಲ್ಲಿ ಮನೆಗೆ ಹೋದರೋ! ಅಕ್ಕಿ ಸಿಗದ್ದು ಒಂದು ನೋವು. ಜೀವಮಾನವೆಲ್ಲ ದುಡಿದ ತಮ್ಮ ಬೆರಳೇ ಸರಿಯಿಲ್ಲವೆಂದು ಅವರು ನಂಬಿದ್ದು ಇನ್ನೊಂದು ನೋವು.

ಮಕ್ಕಳೇ, ಈ ಕೆಲಸದ ಮೂಲಪಾಠ ನನಗೆ ಸಿಕ್ಕಿದ್ದು ಇದೇ ಶಾಲೆಯ ಪ್ರಯೋಗಾಲಯದಲ್ಲಿ, ಕನ್ನಡದಲ್ಲಿ: ಉದ್ದೇಶ, ವಿಧಾನ, ವೀಕ್ಷಣೆ, ತೀರ್ಮಾನ. ವೀಕ್ಷಣೆ ಬರೆಯದೆ ತೀರ್ಮಾನ ಬರೆದರೆ ವಿಜ್ಞಾನದ ಮೇಷ್ಟ್ರು ಪುಟವನ್ನೇ ಹೊಡೆದುಹಾಕುತ್ತಿದ್ದರು. ನಾಳೆ ಯಾವುದೇ ಯಂತ್ರ ಒಬ್ಬ ಮನುಷ್ಯನನ್ನು 'ಆಗುವುದಿಲ್ಲ' ಎಂದು ವಾಪಸ್ ಕಳಿಸಿದರೆ, ಆ ಮನುಷ್ಯನನ್ನು ಅನುಮಾನಿಸುವ ಮೊದಲು ಮಾತು ಯಾವ ಹೆಜ್ಜೆಯಲ್ಲಿ ನಿಂತಿತೆಂದು ನೋಡಿ. ಅಷ್ಟು ಕಲಿಸಿದ ಈ ಶಾಲೆಗೆ ನಾನು ಋಣಿ.