ದೌರೊ ನದಿಯ ದ್ರಾಕ್ಷಿನಾಡು

ದ್ರಾಕ್ಷಾರಸದ ಸೀಮೆಗೆ ಪ್ರವಾಸ ಹೋಗಿರೆಂದು ಒಬ್ಬ ಶಾಲಾ ಪಂಡಿತ ಹೇಳಿದರೆ ನೀವು ಹುಬ್ಬೇರಿಸಬಹುದು. ನಾನು ಕುಡಿತದ ವಕಾಲತ್ತು ವಹಿಸಿದವನಲ್ಲ. ‘ಪೀಪಾಯಿ’ ಎಂಬ ಮಾತಿನ ಬೆನ್ನು ಹತ್ತಿದವನು. ಅದು ಅಚ್ಚಗನ್ನಡವೂ ಅಲ್ಲ, ಸಂಸ್ಕೃತದ ತದ್ಭವವೂ ಅಲ್ಲ, ಪೋರ್ಚುಗೀಸರ ‘ಪೀಪ’. ಪೋರ್ಟ್ ಎಂಬ ಸಿಹಿಮದ್ಯವನ್ನು ಅವರು ಇಂದಿಗೂ ಪೀಪದ ಲೆಕ್ಕದಲ್ಲಿ ಅಳೆಯುವುದುಂಟು. ಒಂದು ಪೀಪವೆಂದರೆ ಸುಮಾರು 550 ಲೀಟರು.

ಪೋರ್ಟೊ ನಗರದಲ್ಲಿ ರೈಲು ಹತ್ತಿ ಮೂಡಲಿಗೆ ಹೊರಡಿ. ಬಲಗಡೆಯ ಕಿಟಕಿ ಹಿಡಿಯುವುದು ಲೇಸು. ಸ್ವಲ್ಪ ದೂರ ಹೋದಮೇಲೆ ದೌರೊ ನದಿ ಹಳಿಯ ಮಗ್ಗುಲಿಗೇ ಬರುತ್ತದೆ. ಎರಡೂವರೆ ಗಂಟೆಯ ಹೊತ್ತಿಗೆ ಪಿನ್ಯಾವ್ ಎಂಬ ಪುಟ್ಟ ನಿಲ್ದಾಣ. ಅದರ ಗೋಡೆಯ ನೀಲಿ ಹೆಂಚುಗಳ ಮೇಲೆ ದ್ರಾಕ್ಷಿ ಸುಗ್ಗಿಯ ಚಿತ್ರಗಳಿವೆ. ಅವನ್ನು ನೋಡಿ, ಆಮೇಲೆ ತಲೆಯೆತ್ತಿ ಬೆಟ್ಟವನ್ನು ನೋಡಿ.

ಬೆಟ್ಟವೆಲ್ಲ ಮೆಟ್ಟಿಲು! ಅಲ್ಲಿ ಮಣ್ಣೆಂಬುದು ಹೆಸರಿಗೆ ಮಾತ್ರ. ಶಿಸ್ಟ್ ಎಂಬ ಪದರುಗಲ್ಲನ್ನು ಒಡೆದು, ಗಾರೆಯಿಲ್ಲದೆ ಗೋಡೆ ಕಟ್ಟಿ, ಹಿಂದೆ ಕಲ್ಲಪುಡಿ ತುಂಬಿ ಬಳ್ಳಿ ನೆಟ್ಟಿದ್ದಾರೆ. ಬೇರು ಬಂಡೆಯ ಬಿರುಕಿನಲ್ಲಿ ಇಳಿದು ನೀರು ಹುಡುಕಬೇಕು. ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ ಎಂಬುದು ಆ ನಾಡಿನವರದೇ ಗಾದೆ. ಗೋಡೆ ಕಟ್ಟಿದವರಲ್ಲಿ ಬಹುಮಂದಿ ಸ್ಪೇನಿನ ಗಲೀಸಿಯದಿಂದ ಬಂದ ಬಡ ಕೂಲಿಗಳು. ಅವರ ಹೆಸರು ಯಾವ ಸೀಸೆಯ ಮೇಲೂ ಇಲ್ಲ. 1756ರಲ್ಲಿ ಈ ಸೀಮೆಗೆ ಎಲ್ಲೆ ಕಟ್ಟಿಸಿದ ಮಂತ್ರಿ ಪೊಂಬಾಲನ ಹೆಸರನ್ನಾದರೋ ಎಲ್ಲರೂ ಹೇಳುತ್ತಾರೆ. ಎಲ್ಲೆಗಲ್ಲುಗಳೇ 300ಕ್ಕೂ ಹೆಚ್ಚು. ಮದ್ಯಕ್ಕೆ ಬಣ್ಣ ಬೆರಸುವವರ ಕಾಟ ತಪ್ಪಿಸಲು ಎಲ್ಡರ್ ಗಿಡಗಳನ್ನು ಬೇರುಸಹಿತ ಕೀಳಿಸಿದವನೂ ಅವನೇ.

ಸೆಪ್ಟೆಂಬರಿನಲ್ಲಿ ಹೋದರೆ ಕೆಲವು ತೋಟಗಳಲ್ಲಿ ಕಾಲಿನಿಂದ ದ್ರಾಕ್ಷಿ ತುಳಿಯುವುದನ್ನು ಇನ್ನೂ ಕಾಣಬಹುದು. ಲಗಾರ್ ಎಂಬ ಕಲ್ಲುತೊಟ್ಟಿಯಲ್ಲಿ ತೊಡೆಮಟ್ಟ ಹಣ್ಣು. ಭುಜಕ್ಕೆ ಭುಜ ಕೊಟ್ಟ ಸಾಲು, ಎಡ–ಬಲ ಎಂದು ಕೂಗಿದಂತೆ ಹೆಜ್ಜೆ. ಹಗಲೆಲ್ಲ ಕೊಯ್ದ ಕಾಲುಗಳೇ ರಾತ್ರಿ ತುಳಿಯಬೇಕು. ಕೊನೆಗೆ ವಾದ್ಯ ಬಂದಾಗ ಕುಣಿತ. ಪ್ರವಾಸಿಗಳ ಕಣ್ಣಿಗೆ ಬೀಳುವುದು ಆ ಕುಣಿತವೊಂದೇ. ರಸ ಅರ್ಧ ಹುಳಿತಿರುವಾಗಲೇ ದ್ರಾಕ್ಷಿಯ ಸಾರಾಯಿಯನ್ನು ಬೆರಸುತ್ತಾರೆ. ಹುಳಿತ ನಿಂತು ಸಿಹಿ ಉಳಿಯುತ್ತದೆ.

ಹಸುರು ಸಾಲುಗಳ ನಡುವೆ ಪೊದೆ ಮುಚ್ಚಿದ ಹಾಳು ಮೆಟ್ಟಿಲುಗಳೂ ಕಾಣುತ್ತವೆ. 1860ರ ದಶಕದಲ್ಲಿ ಬಂದ ಫಿಲಾಕ್ಸೆರ ಎಂಬ ಹೇನು ಬೇರು ತಿಂದು ಕೊಂದ ತೋಟಗಳು ಅವು. ಅಮೆರಿಕದ ಬೇರಿಗೆ ಕಸಿ ಕಟ್ಟಿ ಉಳಿದವರು ಚೇತರಿಸಿಕೊಂಡರು. ಆಗದವರು ಗೋಡೆ ಬಿಟ್ಟು ಗುಳೆ ಹೋದರು. ಆ ತೋಟಗಳನ್ನು ಸಾವಿನ ಹೆಸರಿನಿಂದಲೇ ಕರೆಯುತ್ತಾರೆ: ಮೊರ್ತೋರಿಯೊ. 2001ರಲ್ಲಿ ಯುನೆಸ್ಕೋ ಈ ಕಣಿವೆಯನ್ನು ವಿಶ್ವಪರಂಪರೆಗೆ ಸೇರಿಸಿತು. ಆದರೆ ಬಿದ್ದ ಗೋಡೆಯನ್ನು ಎತ್ತಿ ಕಟ್ಟಬೇಕಾದವನು ಇಂದಿಗೂ ಸಣ್ಣ ಹಿಡುವಳಿಯ ರೈತನೇ. ಅವನ ಹಣ್ಣಿನಲ್ಲಿ ಎಷ್ಟು ಪಾಲು ಪೋರ್ಟ್ ಆಗಬಹುದೆಂಬುದಕ್ಕೂ ವರ್ಷವರ್ಷ ಕಟ್ಟುಂಟು. ಉಳಿದದ್ದಕ್ಕೆ ಬೆಲೆ ಕಡಿಮೆ.

ಹಿಂದಿರುಗುವಾಗ ಪೋರ್ಟೊದ ಎದುರುದಡದ ಗಾಯಾದಲ್ಲಿ ಉಗ್ರಾಣಗಳನ್ನು ನೋಡಿ. ರುಚಿ ನೋಡಲು ಕೊಟ್ಟದ್ದನ್ನು ಉಗುಳಿದರೆ ಅಲ್ಲಿ ಅವಮರ್ಯಾದೆಯಲ್ಲ. ವ್ರತವುಳ್ಳವರು ವಾಸನೆ ನೋಡಿ ಲೋಟ ಕೆಳಗಿಡಬಹುದು. ಮುಂದೆ ಹೊಳೆಯಲ್ಲಿ ಚಪ್ಪಟೆ ತಳದ ರಬೆಲೊ ದೋಣಿಗಳು ನಿಂತಿವೆ. ಸುಳಿ, ಬಂಡೆಗಳ ನಡುವೆ ಪೀಪಾಯಿಗಳನ್ನು ಹೊತ್ತು ತರುತ್ತಿದ್ದ ದೋಣಿಗಳು. ರೈಲು ಬಂದು ಅವುಗಳ ಕೆಲಸ ಕಡಿಮೆಯಾಯಿತು, ಅಣೆಕಟ್ಟುಗಳು ಬಂದು ದಾರಿಯೇ ಮುಚ್ಚಿತು. ಈಗ ವರ್ಷಕ್ಕೊಮ್ಮೆ, ಜೂನ್ 24ರಂದು, ಹಾಯಿ ಬಿಚ್ಚಿ ಪಂದ್ಯ ಓಡುತ್ತವೆ.